ಬೆಂಚಿನ ಮೇಲಿನ ಇಂಗ್ಲಿಷ್

ಬಟ್ಟೆ ಫ್ಯಾಕ್ಟರಿಯ ಮ್ಯಾನೇಜರ್ ಕೋಣೆ ಮುಂದೆ ನೆಲ ಒರೆಸುತ್ತಿದ್ದವಳ ಕೈ ನಿಧಾನವಾಯಿತು. ಸೂಪರ್‌ವೈಸರ್ ಕೆಲಸದ ಸಂದರ್ಶನಕ್ಕೆ ಬಂದ ಹಳೇ ಟೈಲರಮ್ಮನಿಗೆ ಅವಳ ಮಗಳು ಬೆಂಚಿನ ಮೇಲೆ ಪಾಠ ಹೇಳುತ್ತಿದ್ದಳು.

“ಮಾಡಿದ್ದೀನಿ ಅನ್ನೋಕೆ ಮೊದಲು ‘ಹ್ಯಾವ್’, ಆಮೇಲೆ ಕೆಲಸದ ಬಾಲಕ್ಕೆ ಇ, ಡಿ ಅಂಟಿಸಮ್ಮ.”

“ಐ ಹ್ಯಾವ್ ಸ್ಟಿಚ್ಡ್ ಶರ್ಟ್ಸ್. ಇಪ್ಪತ್ತು ವರ್ಷ ದುಡಿದಿದ್ದು ಕೈ, ಪರೀಕ್ಷೆ ಬಾಯಿಗಾ?”

“ಸೂಪರ್‌ವೈಸರ್ ಆಗೋಕೆ ಇಂಗ್ಲಿಷ್ ಬರ್ಬೇಕು ಅಂತ ಹೊಸ ರೂಲ್ಸು. ಮುಂದಿಂದು ಹೇಳು.”

“ಐ ಹ್ಯಾವ್ ಚೆಕ್ಡ್ ಕಾಲರ್ಸ್. ಐ ಹ್ಯಾವ್ ಟ್ರೈನ್ಡ್ ದಿ ಮ್ಯಾನೇಜರ್.”

“ಅಮ್ಮಾ! ಅದೊಂದು ಬೇಡ.”

“ಯಾಕೆ, ತಪ್ಪಾಯ್ತಾ?”

“ಇಂಗ್ಲಿಷ್ ಸರಿಯಾಗೇ ಇದೆ. ಆದ್ರೆ ಒಳಗೆ ಕೂತಿರೋದು ಅವರೇ ಕಣಮ್ಮ!”

“ಕೂತಿರ್ಲಿ. ಬಂದ ಹೊಸದರಲ್ಲಿ ಮೆಷಿನ್ನಿಗೆ ದಾರ ಹಾಕೋಕೂ ಬರ್ತಿರಲಿಲ್ಲ ಅವನಿಗೆ. ಕಲಿಸಿದ್ದು ನಾನು.”

ಒಳಗಿಂದ ಕರೆ ಬಂತು. ಟೈಲರಮ್ಮ ಎದ್ದಳು.

“ಬಾಗಿಲು ಮಾತ್ರ ಹಾಕ್ಬೇಡ. ಎಲ್ಲರಿಗೂ ಕೇಳಿಸ್ಲಿ.”

ನೆಲ ಒರೆಸುವವಳು ತನ್ನ ಬಕೆಟ್ಟನ್ನು ತಂದು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಳು.