ಅಧ್ಯಕ್ಷರು ಹೊರಗೆ ಕೂತ ಇಪ್ಪತ್ತು ನಿಮಿಷ

ವೇದಿಕೆಯ ಮೇಲಿರುವ ನೂತನ ಅಧ್ಯಕ್ಷರೇ, ಬೇರೆ ಬೇರೆ ಸೇವಾ ಸಂಸ್ಥೆಗಳಿಂದ ಬಂದಿರುವ ಟ್ರಸ್ಟಿಗಳೇ, ನಮ್ಮ ಕೇಂದ್ರದ ಕೆಲಸಗಾರರೇ, ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನನ್ನ ಭಾವಮೈದುನನೇ, ಮತ್ತು ನನಗಿಂತ ಮೊದಲು ಮೂವರು ಮಾತಾಡಿದರೂ ಎದ್ದುಹೋಗದೆ ಉಳಿದಿರುವ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ಸೇವಾ ಸಂಸ್ಥೆಗಳಲ್ಲಿ ಉತ್ತಮ ಆಡಳಿತ’. ಹತ್ತೊಂಬತ್ತು ವರ್ಷ ಅಧ್ಯಕ್ಷನಾಗಿದ್ದವನಿಗೆ ಬೀಳ್ಕೊಡುಗೆಯ ದಿನ ಈ ವಿಷಯ ಕೊಟ್ಟಿದ್ದಾರೆಂದರೆ, ಇದು ಸನ್ಮಾನವೋ ವಿಚಾರಣೆಯೋ? ಎರಡೂ ಇರಬಹುದು.

ಹೊರಗಿನಿಂದ ಬಂದವರಿಗೆ ಹೇಳಿಬಿಡುತ್ತೇನೆ. ನಮ್ಮದು ಗಾಲಿಕುರ್ಚಿ, ಊರುಗೋಲು, ವಾಕರ್‌ಗಳನ್ನು ಎರವಲು ಕೊಡುವ, ಕೆಟ್ಟರೆ ರಿಪೇರಿ ಮಾಡಿಕೊಡುವ ಕೇಂದ್ರ. ನಾನು ಕನ್ನಡಕದ ಅಂಗಡಿಯವನು. ಊರವರ ಕಣ್ಣು ಪರೀಕ್ಷಿಸಿಯೇ ನಲವತ್ತು ವರ್ಷ ಕಳೆದವನು. ನನ್ನ ಮೂಗಿನ ಕೆಳಗಿದ್ದದ್ದು ನನಗೆ ಹೇಗೆ ಕಾಣಲಿಲ್ಲ ಎಂಬುದೇ ಇವತ್ತಿನ ಭಾಷಣ.

ನನ್ನ ಕಾಲದ ಸಭೆಗಳು ಬಹಳ ಸುಖವಾಗಿದ್ದವು. ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿದ್ದವು. ಕಾರ್ಯದರ್ಶಿಗಳು ಓದುತ್ತಿದ್ದರು, ನಾನು “ಆಗಬಹುದಲ್ಲ?” ಎನ್ನುತ್ತಿದ್ದೆ, ಆರು ತಲೆಗಳು ಅಲ್ಲಾಡುತ್ತಿದ್ದವು. ಅದರಲ್ಲಿ ಒಂದು ತಲೆ ನಿದ್ದೆಯಲ್ಲಿ ತೂಗುತ್ತಿತ್ತು. ಅದನ್ನೂ ನಾವು ಒಪ್ಪಿಗೆ ಎಂದೇ ಬರೆದುಕೊಂಡಿದ್ದೇವೆ. ಭಿನ್ನಾಭಿಪ್ರಾಯವೇ ಇಲ್ಲದ ಸಂಸ್ಥೆ ಎಂದು ನಾನು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದೆ. ಅಭಿಪ್ರಾಯವೇ ಇರಲಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಆಗ ನಮ್ಮ ಸಮಿತಿಯಲ್ಲಿ ತೆರವಾದ ಒಂದು ಸ್ಥಾನಕ್ಕೆ ಒಬ್ಬ ನಿವೃತ್ತ ನರ್ಸ್ ಬಂದರು. ಆಸ್ಪತ್ರೆಯ ಅಭ್ಯಾಸದಂತೆ ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತೇವೆ. ಅವರ ಮೊದಲ ಸಭೆ. ನಮ್ಮಲ್ಲಿಗೆ ಬರುವವರ ಸ್ನಾನದ ಮನೆಗಳಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸುವ ಕೆಲಸವನ್ನು ಹಳೆಯ ಗುತ್ತಿಗೆದಾರರಿಗೇ ಕೊಡುವುದು ಎಂದು ಕಾರ್ಯದರ್ಶಿಗಳು ಓದಿದರು. ನಾನು “ಆಗಬಹುದಲ್ಲ?” ಎಂದೆ. ಐದು ತಲೆಗಳು ಅಲ್ಲಾಡಿದವು. ಸಿಸ್ಟರ್ ಪೆನ್ನು ಎತ್ತಿದರು.

“ಅಧ್ಯಕ್ಷರೇ, ಈ ಗುತ್ತಿಗೆದಾರರು ನಿಮಗೆ ಏನಾಗಬೇಕು?”

“ನನ್ನ ಹೆಂಡತಿಯ ತಮ್ಮ,” ಎಂದೆ. ಮುಚ್ಚಿಡುವುದೇನಿದೆ? ಎಲ್ಲರಿಗೂ ಗೊತ್ತಿದ್ದದ್ದೇ.

“ಹಾಗಿದ್ರೆ ಈ ವಿಷಯ ಮುಗಿಯೋವರೆಗೂ ನೀವು ಸ್ವಲ್ಪ ಹೊರಗೆ ಕೂತಿರಬೇಕಾಗುತ್ತೆ.”

ಸಭಿಕರೇ, ನನ್ನ ಕಿವಿ ಬಿಸಿಯಾಯಿತು. “ಅಂದ್ರೆ ನನ್ನ ಮೇಲೆ ಅನುಮಾನವೇ ಸಿಸ್ಟರ್?” ಎಂದೆ.

“ಅನುಮಾನ ಇದ್ದಿದ್ರೆ ಬೇರೆ ತರ ಕೇಳ್ತಿದ್ದೆ. ಡಾಕ್ಟರು ಸ್ವಂತ ಹೆಂಡತಿಗೆ ತಾವೇ ಆಪರೇಷನ್ ಮಾಡೋದಿಲ್ಲ ಸಾರ್. ಅವರ ಕೈ ಚೆನ್ನಾಗಿಲ್ಲ ಅಂತಲ್ಲ.”

ನಾನು ಉಳಿದವರ ಮುಖ ನೋಡಿದೆ. ಹತ್ತಾರು ವರ್ಷದ ಸ್ನೇಹಿತರು. ಎಲ್ಲರೂ ಏಕಕಾಲಕ್ಕೆ ತಮ್ಮ ಕಾಗದಗಳನ್ನು ಓದತೊಡಗಿದರು. ಆ ಕೋಣೆಯಲ್ಲಿ ಕಾಗದ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಎದುರಿಗೆ ನಮ್ಮ ಮುಂಬಾಗಿಲು. ಎರಡು ವರ್ಷದ ಹಿಂದೆ ಇದೇ ಭಾವಮೈದುನ ಹಾಕಿಕೊಟ್ಟದ್ದು. ಒಳ್ಳೆಯ ಮರ, ಗಾಜಿನ ಕಿಂಡಿ, ತಾನಾಗಿಯೇ ಮುಚ್ಚಿಕೊಳ್ಳುವಂತೆ ಗಟ್ಟಿ ಸ್ಪ್ರಿಂಗು. ಉದ್ಘಾಟನೆಯ ದಿನ ಎಲ್ಲರೂ ಕೈಯಾಡಿಸಿ ಮೆಚ್ಚಿದ್ದರು. ನಿಂತುಕೊಂಡೇ ಮೆಚ್ಚಿದ್ದರು.

ಗಾಜಿನಾಚೆ ಒಬ್ಬ ಹೆಂಗಸು ಗಾಲಿಕುರ್ಚಿಯಲ್ಲಿ ಬಂದರು. ಒಂದು ಕೈಯಿಂದ ಬಾಗಿಲು ತಳ್ಳಿದರು, ಇನ್ನೊಂದರಿಂದ ಗಾಲಿ ತಿರುಗಿಸಿದರು. ಒಂದೇ ಗಾಲಿ ತಿರುಗಿದರೆ ಕುರ್ಚಿ ಏನು ಮಾಡೀತು? ಇದ್ದಲ್ಲೇ ಸುತ್ತಿತು. ಬಾಗಿಲು ಮುಚ್ಚಿಕೊಂಡಿತು. ಮತ್ತೆ ಹಿಮ್ಮುಖವಾಗಿ ಬಂದು ಬೆನ್ನಿನಿಂದ ತಳ್ಳಿದರು. ಬಾಗಿಲು ಅವರನ್ನು ಅಷ್ಟೇ ಮರ್ಯಾದೆಯಿಂದ ವಾಪಸು ಕಳಿಸಿತು. ಮೂರನೆಯ ಸಲಕ್ಕೆ ನಾನು ಎದ್ದು ಬಾಗಿಲು ಹಿಡಿದೆ. ಮೂರನೆಯ ಸಲಕ್ಕೆ. ಮೊದಲೆರಡು ಸಲ ಸುಮ್ಮನೆ ನೋಡುತ್ತ ಕೂತಿದ್ದೆ ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

“ನೀವು ಇಲ್ಲಿಗೆ ಹೊಸಬರಾ?” ಎಂದು ಕೇಳಿದರು.

“ಹೌದು, ಒಂದು ತರದಲ್ಲಿ,” ಎಂದೆ.

“ನಾವೆಲ್ಲ ಹಿಂದುಗಡೆ ಸಾಮಾನು ಕೋಣೆ ಬಾಗಿಲಲ್ಲಿ ಬರ್ತೀವಿ. ಇವತ್ತು ಅದಕ್ಕೆ ಬೀಗ ಹಾಕಿದಾರೆ. ಇದನ್ನ ಹಾಕಿಸಿದ ಪುಣ್ಯಾತ್ಮರು ಒಂದು ದಿನ ಕುರ್ಚಿ ಮೇಲೆ ಕೂತು ಬಂದು ನೋಡಬೇಕು.”

“ಅವರು ಒಳ್ಳೆಯವರು ಅಂತ ಕೇಳಿದ್ದೀನಿ,” ಎಂದೆ. ನನ್ನ ಪರವಾಗಿ ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಒಳ್ಳೆಯವರೇ ಇರಬಹುದು. ಒಂದು ಮಾತು ನಮ್ಮನ್ನ ಕೇಳಬಹುದಿತ್ತಲ್ಲ?” ಅಷ್ಟು ಹೇಳುತ್ತಿದ್ದಂತೆ ಅವರ ಕಣ್ಣು ಗೋಡೆಯ ಮೇಲಿದ್ದ ನನ್ನ ಫೋಟೋ ಕಡೆ ಹೋಯಿತು. ಅಲ್ಲಿಂದ ನನ್ನ ಕಡೆ ಬಂತು. ಮತ್ತೆ ಫೋಟೋ ಕಡೆ. “ಫೋಟೋದಲ್ಲಿ ಕೂದಲು ಜಾಸ್ತಿ ಇದೆ,” ಎಂದರು. ಕ್ಷಮೆಯನ್ನಂತೂ ಕೇಳಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ನನ್ನನ್ನು ಒಳಗೆ ಕರೆದರು. ಕಂಬಿಯ ಕೆಲಸ ಸದ್ಯಕ್ಕೆ ಯಾರಿಗೂ ಇಲ್ಲ, ಬಳಸುವವರನ್ನು ಮೊದಲು ಕೇಳುವುದು ಎಂದು ತೀರ್ಮಾನವಾಗಿತ್ತು. ನಾನಿಲ್ಲದೆ ಸಂಸ್ಥೆ ನಡೆಯಿತಲ್ಲ ಎಂಬ ನೋವು ಎಷ್ಟಿತ್ತೆಂದರೆ, ಬಾಗಿಲಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ: “ನಿನ್ನ ತಮ್ಮನ ಕೆಲಸ ತಪ್ಪಿಸಿದರು.”

ಅವಳು ಬಟ್ಟೆ ಮಡಚುತ್ತಿದ್ದಳು. “ಅವನಿಗೆ ಕೆಲಸ ಕೊಡಿ ಅಂತ ನಾನು ಯಾವತ್ತಾದ್ರೂ ಕೇಳಿದ್ದೆನಾ? ಭಾವ ದೊಡ್ಡ ಮನುಷ್ಯರು ಅಂತ ಅವನ ಬಾಯಲ್ಲಿ ಕೇಳೋ ಆಸೆ ನಿಮಗಿತ್ತು. ಕೊಟ್ಟಿರಿ,” ಎಂದಳು. ಇನ್ನೊಂದು ಅಂಗಿ ತೆಗೆದುಕೊಂಡಳು.

ಮದುವೆಯಾದಂದಿನಿಂದ ಆ ಹುಡುಗನ ಮುಂದೆ ನಾನು ದೊಡ್ಡವನಾಗಿರಲು ಹೆಣಗಿದ್ದು ನಿಜ. ಅವನು ನನಗಿಂತ ಎತ್ತರ. ಹೋಗಲಿ ಬಿಡಿ, ಅದು ಇವತ್ತಿನ ವಿಷಯವಲ್ಲ.

ಮುಂದಿನ ಸಭೆಯಲ್ಲಿ ಬಾಗಿಲಿನ ವಿಷಯ ಹೇಳಿದೆ. ಸಿಸ್ಟರ್ ತಾವೂ ಸೇರಿದಂತೆ ಏಳೂ ಮಂದಿ ಟ್ರಸ್ಟಿಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮುಂಬಾಗಿಲಿಗೆ ಕಳಿಸಿದರು. ಒಬ್ಬರೂ ಒಳಗೆ ಬರಲಿಲ್ಲ. ಭಾವಮೈದುನ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟ. ಆಮೇಲೆ ಒಂದು ಬೆಳಿಗ್ಗೆ ತಾನೇ ಬಂದು, ಕುರ್ಚಿಯಲ್ಲಿ ಕೂತು ನೋಡಿ, ಸ್ಪ್ರಿಂಗು ಬಿಚ್ಚಿದ. ಈಗ ಅಲ್ಲಿರುವುದು ಪಕ್ಕಕ್ಕೆ ಸರಿಯುವ ಬಾಗಿಲು. ಬೆರಳಲ್ಲಿ ಮುಟ್ಟಿದರೆ ಸಾಕು.

ನಂತರ ನಿಯಮಗಳು ಬಂದವು. ಸಂಬಂಧಿಕರ ವಿಷಯ ಬಂದರೆ ಎದ್ದು ಹೊರಗೆ ಹೋಗಬೇಕು. ಕೇಂದ್ರವನ್ನು ಬಳಸುವವರಿಗೆ ಸಮಿತಿಯಲ್ಲಿ ಎರಡು ಸ್ಥಾನ. ಯಾರೂ ಆರು ವರ್ಷಕ್ಕಿಂತ ಹೆಚ್ಚು ಅಧ್ಯಕ್ಷರಾಗಿರುವಂತಿಲ್ಲ. ಈ ಕೊನೆಯದಕ್ಕೆ ಮೊದಲು ಕೈ ಎತ್ತಿದವನು ನಾನೇ. ನನ್ನ ನಂತರ ಬರುವವರಿಗೆ ಇರಬೇಕು ಎಂದುಕೊಂಡಿದ್ದೆ. ಸಿಸ್ಟರ್ ಮೆಲ್ಲಗೆ ಕೇಳಿದರು, “ಹತ್ತೊಂಬತ್ತು ಅನ್ನೋದು ಆರಕ್ಕಿಂತ ಹೆಚ್ಚಲ್ವಾ ಸಾರ್?” ಎತ್ತಿದ ಕೈ ಇಳಿಸುವುದು ಎಷ್ಟು ಕಷ್ಟ ಎಂಬುದು ಎತ್ತಿದವನಿಗೇ ಗೊತ್ತು. ಇಳಿಸಲಿಲ್ಲ.

ಅಂದು ಮೂರು ಸಲ ಬಾಗಿಲು ತಳ್ಳಿದ ಆ ಹೆಂಗಸು, ವೃತ್ತಿಯಿಂದ ಟೈಲರ್, ಇವತ್ತು ಈ ವೇದಿಕೆಯ ಮಧ್ಯದಲ್ಲಿದ್ದಾರೆ. ಇವರೇ ನಿಮ್ಮ ನೂತನ ಅಧ್ಯಕ್ಷರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹೋದ ವಾರ ನಾನು ಇವರಿಗೆ ಫೋನ್ ಮಾಡಿ, ನನಗೆ ‘ಆಜೀವ ಗೌರವಾಧ್ಯಕ್ಷ’ ಎಂಬ ಪದವಿ ಕೊಟ್ಟರೆ ಸಂಸ್ಥೆಗೇ ಶೋಭೆ ಎಂದು ಸೂಚಿಸಿದೆ. ನಗಬೇಡಿ, ನಿಮ್ಮಲ್ಲೂ ಕೆಲವರು ಸೂಚಿಸಿದ್ದೀರಿ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದರು: “ಸಾರ್, ಆ ಹುದ್ದೆ ನಮ್ಮ ನಿಯಮದಲ್ಲಿಲ್ಲ. ಆದ್ರೆ ರಿಪೇರಿ ಕೋಣೇಲಿ ಬುಧವಾರ ಒಬ್ಬರು ಕಡಿಮೆ ಇದಾರೆ. ಸಣ್ಣ ಸ್ಕ್ರೂ ಕೆಲಸ ನಿಮಗೆ ಬರುತ್ತಲ್ಲ? ಸ್ವಯಂಸೇವಕರ ಅರ್ಜಿ ಕಳಿಸ್ತೀನಿ. ಪರಿಚಯದ ಇಬ್ಬರ ಸಹಿ ಬೇಕು. ಸಂಬಂಧಿಕರು ಆಗಲ್ಲ.”

ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ ಅರ್ಜಿ ತುಂಬಿದೆ. ‘ಹಿಂದಿನ ಅನುಭವ’ ಎಂಬಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿ, ಕನ್ನಡಕದ ರಿಪೇರಿ ಎಂದಷ್ಟೇ ಬರೆದೆ. ಅರ್ಜಿ ಸಮಿತಿಯ ಮುಂದಿದೆ, ನಿರ್ಧಾರ ನಾಳೆಯಂತೆ. ಏನಾಗುತ್ತದೋ ನನಗೆ ತಿಳಿಯದು, ಮತ್ತು ನಾನು ಯಾರಿಗೂ ಫೋನ್ ಮಾಡಿಲ್ಲ.

ಇಷ್ಟು ಹೊತ್ತು ನನ್ನನ್ನು ಸಹಿಸಿದ್ದಕ್ಕೆ, ಹತ್ತೊಂಬತ್ತು ವರ್ಷ ಸಹಿಸಿದ್ದಕ್ಕೆ, ಒಂದು ದಿನ ಹೊರಗೆ ಕಳಿಸಿದ್ದಕ್ಕೆ ನಿಮಗೆಲ್ಲ ಕೃತಜ್ಞ. ನಮಸ್ಕಾರ.