ಜಾವಳಕ್ಕೆ ಯಾರ ತೊಡೆ?

ಸಭೆಯ ಅಧ್ಯಕ್ಷತೆ ವಹಿಸಿರುವ, ನನ್ನದೇ ಶಿಷ್ಯರೂ ಶಾಲಾ ಸಮಿತಿಯ ಅಧ್ಯಕ್ಷರೂ ಆದ ಶ್ರೀ ಮುತ್ತುರಾಜ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಸಹೋದ್ಯೋಗಿಗಳೇ, ಹೂವಿನ ಹಿಪ್ಪರಗಿಯ ಸಮಸ್ತ ಸಭಿಕರೇ, ಶಾಮಿಯಾನ ಸಾಲದೆ ಬಿಸಿಲಿನಲ್ಲಿ ಕುಳಿತ ಮಕ್ಕಳೇ,

ನಿವೃತ್ತಿಯ ದಿನ ಹಾರ ಹಾಕಿದಿರಿ, ಶಾಲು ಹೊದಿಸಿದಿರಿ. ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದ ಮಾಳಿಂಗಪ್ಪ ಮಾಸ್ತರರು ಸ್ವಂತ ಬುದ್ಧಿಯಿಂದ ದೇವರನ್ನು ಬಿಟ್ಟ ಧೀರರು ಎಂದು ಮಾತನಾಡಿದವರೆಲ್ಲ ಹೊಗಳಿದರು. ಸ್ವಂತ ಬುದ್ಧಿ! ಅದು ನಿಜವೇ ಎಂಬ ಅನುಮಾನವೇ ಎಂಟು ದಿನಗಳಿಂದ ನನ್ನನ್ನು ಚುಚ್ಚುತ್ತಿದೆ.

ಎಂಟು ದಿನದ ಹಿಂದೆ ನನ್ನ ಮಗಳು ಕಾವೇರಿ ತನ್ನ ಕೂಸನ್ನು ಎತ್ತಿಕೊಂಡು ಬಂದಳು. ನಾಳೆ ಆ ಕೂಸಿನ ಜಾವಳ, ಮಾಳಿಂಗರಾಯನ ಗುಡಿಯಲ್ಲಿ. ಮೊದಲ ಕೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ನಿಮಗೆಲ್ಲ ಗೊತ್ತಿದ್ದದ್ದೇ. ನನಗೆ ಗಂಡುಮಕ್ಕಳಿಲ್ಲ. ಹೀಗಾಗಿ ತಾಯಿಯ ತಂದೆಯಾದ ನಾನೇ ಕೂರಬೇಕು.

"ಅಪ್ಪಾ, ತೊಡಿ ಕೊಡ್ತೀರೋ ಇಲ್ಲೋ?" ಎಂದಳು.

"ನಾ ಗುಡಿ ಮೆಟ್ಟಿಲ ಹತ್ತಂಗಿಲ್ಲ. ನಿನಗ ಈ ದೇವರನ್ನ ಕಲಿಸಿದವರು ಯಾರು? ಅತ್ತಿ ಮನಿಯವರೇನು?" ಎಂದು ರೇಗಿದೆ.

"ದೇವರಿಲ್ಲ ಅಂತ ಕಲಿಸಿದವರು ಯಾರ್ರಿ? ನನ್ನ ಕೇಳಿ ಕಲಿಸಿದ್ರೇನು?"

ಸಭಿಕರೇ, ಇಷ್ಟು ವರ್ಷದಲ್ಲಿ ಯಾರನ್ನು ಕೇಳಿ ಕಲಿಸಿದೆ ನಾನು? "ದೇವರು ಅದಾನೇನು?" ಎಂದರೆ ಇಡೀ ಎಂಟನೇ ತರಗತಿ "ಇಲ್ರೀ ಸರ್!" ಎಂದು ಮಗ್ಗಿ ಹೇಳಿದಂತೆ ಕೂಗಬೇಕಿತ್ತು. ಒಮ್ಮೆ ಇದೇ ಮುತ್ತುರಾಜ ಎದ್ದು, "ಸರ್, ಅದಾನ ಅಂತ ಬರದ್ರ ಮಾರ್ಕ್ಸ್ ಕಟ್ ಮಾಡ್ತೀರೇನ್ರಿ?" ಎಂದ. ನೀವು ಈಗ ನಗುತ್ತೀರಿ. ಅಂದು ನಾನು ಅವನನ್ನು ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆ. ಮರುದಿನ ಎಲ್ಲರಿಗಿಂತ ಜೋರಾಗಿ "ಇಲ್ರೀ" ಎಂದವನು ಅವನೇ. ಎಷ್ಟು ಬೇಗ ಬುದ್ಧಿ ಬಂತು ಹುಡುಗನಿಗೆ ಎಂದು ಹಿಗ್ಗಿದ್ದೆ. ಮುತ್ತುರಾಜ ಅವರೇ, ತಪ್ಪಾಯಿತು.

ಹೋಗಲಿ, ನಾನಾದರೂ ಸ್ವಂತ ಬುದ್ಧಿಯಿಂದ ಬಿಟ್ಟೆನೇ? ಇದನ್ನು ಹೇಳಬೇಕೆಂದು ಬಂದವನಲ್ಲ, ಬಾಯಿಗೆ ಬಂದುಬಿಟ್ಟಿದೆ. ನಮ್ಮವ್ವ ಸುಂದರವ್ವ ದಿನಾ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವ ಮೊದಲು ನನ್ನ ಹಣೆಗೆ ಮಾಳಿಂಗರಾಯನ ಅರಿಶಿನದ ಭಂಡಾರ ಹಚ್ಚುತ್ತಿದ್ದಳು. ಐದನೇ ತರಗತಿಗೆ ರಾವಸಾಬ ಮಾಸ್ತರರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಗಡಿಯಾರ. ಅವರಂತಾಗಬೇಕೆಂದು ಪ್ರಾಣ ಬಿಡುತ್ತಿದ್ದೆ. ಒಂದು ದಿನ ಎಲ್ಲರೆದುರು ಕರೆದು, ತಮ್ಮ ಕರವಸ್ತ್ರದಿಂದ ನನ್ನ ಹಣೆಯ ಅರಿಶಿನ ಒರೆಸಿ, "ಶಾಣ್ಯಾ ಹುಡುಗ ಅದಿ, ಇದನ್ಯಾಕ ಹಚ್ಚಿಕೊಂತಿ?" ಎಂದರು. ಅಷ್ಟೇ. ಮರುದಿನ ಅವ್ವ ಚಾಚಿದ ಕೈಯನ್ನು ತಳ್ಳಿದೆ. "ಯಾಕೋ ತಮ್ಮಾ?" ಎಂದಳು. "ದೇವರಿಲ್ಲಬೇ" ಎಂದೆ. ಹತ್ತು ವರ್ಷದವನು! ಯೋಚಿಸಿ ಬಿಟ್ಟೆನೋ, ನಾಚಿ ಬಿಟ್ಟೆನೋ? ಸಾಯುವವರೆಗೂ ಅವಳು ಮತ್ತೆ ನನ್ನ ಹಣೆ ಮುಟ್ಟಲಿಲ್ಲ.

ಹಾಗಾದರೆ ಅವ್ವನದು ಸರಿಯೇ? ಅವಳಾದರೂ ನನ್ನನ್ನು ಕೇಳಿದ್ದಳೇ? ತೊಟ್ಟಿಲಲ್ಲಿದ್ದಾಗಲೇ ಮಾಳಿಂಗಪ್ಪ ಎಂದು ದೇವರ ಹೆಸರಿಟ್ಟು ಕೂತಳು. ದೇವರಿದ್ದಾನೆಂದು ಇಂದಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಹಾಗೆ ಅನ್ನಿಸದಿರುವುದು ನನಗೋ, ನನ್ನೊಳಗಿನ ರಾವಸಾಬ ಮಾಸ್ತರರಿಗೋ? ಗೊತ್ತಾಗುತ್ತಿಲ್ಲ. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಅಗೋ, ಕಾವೇರಿ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. "ಸಂಜಿಮಟ ಕಾಯ್ತೇನಿ, ಇಲ್ಲಂದ್ರ ಬ್ಯಾರೆಯವರ ತೊಡಿ ಮ್ಯಾಲ ಕೂಡಿಸ್ತೇನಿ" ಎಂದಿದ್ದಾಳೆ. ಬೇರೆಯವರ ತೊಡೆ! ನನ್ನ ಮೊಮ್ಮಗಳು!

ಬರುತ್ತೇನವ್ವಾ. ಎಲ್ಲರೆದುರೂ ಹೇಳುತ್ತಿದ್ದೇನೆ, ನಾಳೆ ಬರುತ್ತೇನೆ. ಕೈ ಮುಗಿಯುತ್ತೇನೋ ಇಲ್ಲವೋ, ನನಗೇ ತಿಳಿಯದು; ಪಕ್ಕದಲ್ಲಿ ನಿಂತು ಯಾರೂ ಹೇಳಿಕೊಡಬೇಡಿ. ಕತ್ತರಿ ಕಂಡ ಕೂಡಲೇ ಕೂಸು ಅಳುತ್ತದೆ. ಆಗ ಅದರ ಕಿವಿಯಲ್ಲಿ ದೇವರಿದ್ದಾನೆ ಎನ್ನಲೇ, ಇಲ್ಲ ಎನ್ನಲೇ? "ಅಂಜಬ್ಯಾಡ, ನಾ ಅದೇನಿ" ಎನ್ನುತ್ತೇನೆ. ಅದೊಂದನ್ನು ನನಗೆ ಯಾರೂ ಕಲಿಸಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.