ಜಗಲಿಯ ಗೋಡೆ

ನಗರಸಭೆಯ ಪಡಸಾಲೆಯಲ್ಲಿ ಅಂಗಡಿ ಲೈಸೆನ್ಸಿಗಾಗಿ ಕಾದು ಕಾದು ದರ್ಜಿಯ ಸೊಂಟ ಹಿಡಿದುಕೊಂಡಿತ್ತು. ಹಳೇ ಕೇರಿಯ ಸಾಲುಮನೆಗಳನ್ನು ಉಳಿಸುವ ನಿಯಮದ ಬಗ್ಗೆ ಒಳಗೆ ಸಭೆ ನಡೆದಿತ್ತು. ಮಾತಾಡುವವರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಪಕ್ಕದ ಬೆಂಚಿನಲ್ಲಿದ್ದ ಅತ್ತಿಗೆ-ಮೈದುನರ ಪಿಸುಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

“ಒಳಗೆ ಏನಂತ ಹೇಳ್ತೀರಿ ಅತ್ತಿಗೆ?”

“ಎರಡಂತಸ್ತಿಗಿಂತ ಎತ್ತರ ಕಟ್ಟಬಾರದು, ಯಾರೂ ಜಗಲಿ ಮುಚ್ಚಬಾರದು ಅಂತ. ಕೇರಿಯವರೆಲ್ಲ ಕೂತು ಒಪ್ಪಿದ್ದು ಅದೇ ತಾನೆ?”

“ನಮ್ಮ ಜಗಲಿಗೇ ಅಣ್ಣ ಗೋಡೆ ಕಟ್ಟಿಸಿಲ್ವಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಜನ ನಗಲ್ವಾ?”

“ಕಟ್ಟಿಸಿದ್ದು ಯಾಕೆ? ನನಗೊಂದು ಕೋಣೆ ಬೇಕೇ ಬೇಕು ಅಂತ ನೀನು ಹಟ ಹಿಡಿದಿದ್ದಕ್ಕೆ.”

“ಆಗ ಯಾರೂ ಬೇಡ ಅನ್ನಲಿಲ್ಲ.”

“ಅನ್ನಲಿಲ್ಲ. ಮೊದಲು ಕೇರಿಯ ಆ ತುದಿಯಿಂದ ಈ ತುದಿವರೆಗೆ ಜಗಲಿ ಮೇಲೇ ನಡೀಬಹುದಿತ್ತು. ಈಗ ಪಕ್ಕದ ಮನೆ ಅಜ್ಜಿ ನಮ್ಮ ಗೋಡೆ ಹತ್ರ ಬಂದು, ಕೋಲೂರಿ ರಸ್ತೆಗಿಳಿದು, ಆಚೆ ಮತ್ತೆ ಹತ್ತುತ್ತಾರೆ. ಒಂದು ದಿನಾನೂ ತುಟಿ ಬಿಚ್ಚಿಲ್ಲ.”



“ಹಾಗಾದ್ರೆ ಯಾವ ಮುಖ ಇಟ್ಕೊಂಡು ಮಾತಾಡ್ತೀರಿ?”

“ಮೊದಲು ನಮ್ಮ ಗೋಡೆ ಒಡೀತೀವಿ ಅಂತಾನೇ ಶುರು ಮಾಡ್ತೀನಿ. ಗಾರೆಯವನಿಗೆ ನಾಳೆ ಬಾ ಅಂದಿದೀನಿ.”

“ನಾಳೇನಾ! ನಾನೆಲ್ಲಿ ಮಲಗ್ಲಿ?”

ಬಾಗಿಲಲ್ಲಿ ಜವಾನ ಕರೆದ. ಅತ್ತಿಗೆ ಎದ್ದಳು.

“ಅಲ್ಲೇ ಮಲಕ್ಕೋ. ಅಜ್ಜಿ ಬಂದಾಗ ಕಾಲು ಮಡಚ್ಕೋ, ಅಷ್ಟೆ.”

ದರ್ಜಿ ತನಗರಿವಿಲ್ಲದೆಯೇ ತನ್ನ ಕಾಲನ್ನು ಒಳಗೆಳೆದುಕೊಂಡು ಅವಳಿಗೆ ದಾರಿ ಬಿಟ್ಟ.